ಗೆಳೆಯರಿಗೂ ಅದೇ ರೇಟು

ಮೊನ್ನೆ ಬೀಸಿದ ಗಾಳಿಗೆ ನಮ್ಮ ಅಂಗಡಿಯ ಫ್ಲೆಕ್ಸ್ ಹರಿಯಿತು. ಶಹಾಪುರದಲ್ಲಿ ಗಾಳಿ ಬಿಟ್ಟರೆ ಮೊದಲು ಹರಿಯುವುದು ಫ್ಲೆಕ್ಸೇ ಆದ್ದರಿಂದ ಇದೇನೂ ಹೇಳಬೇಕಾದ ಸುದ್ದಿಯಲ್ಲ. ಆದರೆ ಪಹಣಿ, ಝೆರಾಕ್ಸ್, ಆನ್‌ಲೈನ್ ಅರ್ಜಿ, ಕಂಪ್ಯೂಟರ್ ರಿಪೇರಿ ಎಂದೆಲ್ಲ ಅಚ್ಚಾಗಿದ್ದ ಅದರ ಒಂದು ಮಗ್ಗುಲು ಜೋತುಬಿದ್ದು, ಹಿಂದೆ ವರ್ಷಗಟ್ಟಲೆ ಮುಚ್ಚಿಹೋಗಿದ್ದ ತಗಡಿನ ಬೋರ್ಡು ಕಣ್ಣಿಗೆ ಬಿತ್ತು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ. ಬಿಸಿಲು ತಾಗದೆ ಇದ್ದುದಕ್ಕೋ ಏನೋ, ನಿನ್ನೆ ಬರೆದಂತೆ ಹೊಳೆಯುತ್ತಿದ್ದವು: ‘ಗೆಳೆಯರಿಗೂ ಅದೇ ರೇಟು.’

ಪಹಣಿ ತೆಗೆಸಲು ವಡಗೇರಾದಿಂದ ಬಂದಿದ್ದ ಮಾಸ್ತರರೊಬ್ಬರು ಅದನ್ನು ಎರಡು ಸಲ ಓದಿದರು.

"ಇದು ಖರೇ ಏನ್ರಿ? ದೋಸ್ತರ ಕಡಿಂದನೂ ತಗೋತೀರಿ?"

"ಬೋರ್ಡಿನ್ಯಾಗ ಹಂಗ ಅದರಿ" ಎಂದೆ.

"ಮತ್ತ ದೋಸ್ತರು ಉಳದಾರೇನ್ರಿ?"

ಉತ್ತರ ದೊಡ್ಡದು, ಅವರ ಬಸ್ಸಿಗೆ ಹೊತ್ತಾಗಿತ್ತು. ನಿಮಗೆ ಬಸ್ಸಿನ ಅವಸರ ಇಲ್ಲದಿದ್ದರೆ ಕುಳಿತುಕೊಳ್ಳಿ.

ಮನೆಯಲ್ಲಿ ಕಂಪ್ಯೂಟರ್ ಇದ್ದವರು ಅದಕ್ಕೆ ಕಸೂತಿಯ ಬಟ್ಟೆ ಹೊದಿಸುತ್ತಿದ್ದ ಕಾಲ ಅದು. ಹೈದರಾಬಾದಿನಿಂದ ಬಿಡಿ ಭಾಗಗಳನ್ನು ತಂದು ಜೋಡಿಸಿ ಕೊಡುವುದು, ಕೆಟ್ಟದ್ದನ್ನು ಸರಿ ಮಾಡುವುದು ನನ್ನ ಕಸುಬು. ಮಾನಿಟರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಕೇಳುತ್ತಿದ್ದ.

ಆಗ ನನ್ನ ಗೆಳೆಯರ ಬಳಗ ದೊಡ್ಡದಿತ್ತು. ನನ್ನ ಸ್ವಭಾವ ಒಳ್ಳೆಯದಿರುವುದೇ ಇದಕ್ಕೆ ಕಾರಣ ಎಂದು ತಿಳಿದಿದ್ದೆ. ಕಂಪ್ಯೂಟರುಗಳ ಸ್ವಭಾವ ಕೆಟ್ಟದ್ದಿರುವುದು ಕಾರಣ ಎಂದು ಆಮೇಲೆ ಗೊತ್ತಾಯಿತು. ಗೆಳೆಯ ರಿಪೇರಿಗೆ ಬಂದರೆ ಚಾ ತರಿಸುವವನು ನಾನು, ಧೂಳು ಜಾಡಿಸುವವನು ನಾನು, ಸರಿ ಮಾಡುವವನೂ ನಾನು. ಕೊನೆಗೆ ಅವನು ಎದ್ದು, ಜೇಬಿಗೆ ಕೈ ಹಾಕಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, "ಆತಪ್ಪ, ಭಾಳ ಉಪಕಾರಾತು" ಎಂದು ಹೋಗುತ್ತಿದ್ದ. ಕೈ ಜೇಬಿಗೆ ಹೋದಾಗಲೆಲ್ಲ ನನ್ನ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು.

ಅವರು ಏನೂ ಕೊಡದವರು ಎಂದಲ್ಲ. ಕಾಲುವೆ ಕೆಳಗೆ ಗದ್ದೆ ಇದ್ದವನು ಅಕ್ಕಿ ತಂದಿಟ್ಟ. ಮತ್ತೊಬ್ಬ ಒಣ ಮೆಣಸಿನಕಾಯಿ ತಂದ. ಎದುರಿನ ಚಾದಂಗಡಿಯ ಖಾಜಾಭಾಯಿ, ಅವರ ಮಗಳ ಕಂಪ್ಯೂಟರ್ ಸರಿ ಮಾಡಿಕೊಟ್ಟ ದಿನದಿಂದ, ನನ್ನ ಗ್ಲಾಸಿಗೆ ಹಾಲಿನ ಕೆನೆ ಹಾಕತೊಡಗಿದರು. ಆದರೆ ನನ್ನ ಅಂಗಡಿಯ ಮಾಲೀಕರು ಬಾಡಿಗೆಯನ್ನು ಮೆಣಸಿನಕಾಯಿಯಲ್ಲಿ ತೆಗೆದುಕೊಳ್ಳುವ ಮನುಷ್ಯರಲ್ಲ. ಅವರನ್ನೂ ಗೆಳೆಯರನ್ನಾಗಿ ಮಾಡಿಕೊಳ್ಳಲು ನೋಡಿದೆ. ಅವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ.

"ಅಲ್ರೀ, ನೀವು ಅಂಗಡಿ ಇಟ್ಟೀರೋ, ಮಂದಿ ಕುಂದ್ರಾಕ ಕಟ್ಟಿ ಕಟ್ಟೀರೋ?" ಎಂದು ನಮ್ಮ ಮನೆಯವಳು ಒಂದು ದಿನ ಕೇಳಿದಳು. "ಬಾಯಿಲೆ ಹೇಳಾಕ ಆಗಲಿಲ್ಲಂದ್ರ ಬೋರ್ಡ ಬರಸ್ರಿ. ಬೋರ್ಡಿಗೇನು ನಾಚಿಕಿ ಇರ್ತದೇನು?"

ಬೋರ್ಡು ಎಂದರೆ ಮಾನಪ್ಪ. ಸುರಪುರದ ಹೈಸ್ಕೂಲಿನಲ್ಲಿ ನಾನೂ ಅವನೂ ಒಂದೇ ಬೆಂಚಿನವರು. ನಾನು ಪಾಠ ಬರೆದುಕೊಳ್ಳುವಾಗ ಅವನು ಬೆಂಚಿನ ಮೇಲೆ ಮಾಸ್ತರರ ಹೆಸರನ್ನು ನೆರಳು ಕೊಟ್ಟು ಬರೆಯುತ್ತಿದ್ದ. ಮುಂದೆ ಪೇಂಟರ್ ಆಗಿ ಸುರಪುರ, ಶಹಾಪುರ, ಯಾದಗಿರಿ ಮೂರೂ ಊರುಗಳ ಅಂಗಡಿಗಳ ಹಣೆಬರಹ ಬರೆದ. ಪ್ರತಿ ಬೋರ್ಡಿನ ಕೆಳಮೂಲೆಯಲ್ಲಿ ‘ಮಾನಪ್ಪ ಪೇಂಟರ್, ಸುರಪುರ’ ಎಂದು ಇರುವೆ ಸಾಲಿನಂಥ ಅಕ್ಷರ ಇರುತ್ತಿತ್ತು.

ಮೋಟಾರ್ ಸೈಕಲ್ಲಿನ ಹಿಂದೆ ಬಣ್ಣದ ಡಬ್ಬಿ ಕಟ್ಟಿಕೊಂಡು ಬಂದ. ತಗಡಿಗೆ ಹಳದಿ ಬಳಿದು ಒಣಗಿಸಿ, ಕೆಂಪಿನಲ್ಲಿ ಬ್ರಷ್ ಅದ್ದಿದ.

"ಏನ ಬರೀಲಿ?"

ಹೇಳಿದೆ. ಬ್ರಷ್ ಹಿಡಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ಖರೇನ?"

"ಬಾಡಿಗಿ ಕಟ್ಟಬೇಕಲೇ."

"ಹಂಗಾದ್ರ ಅಕ್ಷರ ದಪ್ಪ ಹಾಕ್ತೀನಿ. ನಿನ್ನ ದೋಸ್ತರಿಗೆ ಸಣ್ಣಾವು ಕಾಣಾಂಗಿಲ್ಲ."

ಬರೆದು ಮುಗಿಸಿದ ಮೇಲೆ ಎಷ್ಟಾಯಿತು ಎಂದು ಕೇಳಿದೆ. "ಹುಚ್ಚದೀಯೇನು, ನಿನ್ನ ಕಡಿಂದ ತಗೋತೀನೇನು?" ಎಂದ. ಹೀಗೆ ಗೆಳೆಯರಿಂದ ದುಡ್ಡು ತೆಗೆದುಕೊಳ್ಳುತ್ತೇವೆ ಎಂಬ ಬೋರ್ಡು ನನಗೆ ಗೆಳೆತನದಲ್ಲಿ ಪುಕ್ಕಟೆ ಸಿಕ್ಕಿತು. ಮೂಲೆ ಮಾತ್ರ ಖಾಲಿ ಇತ್ತು.

"ನಿನ್ನ ಹೆಸರು?"

"ಇಂಥಾ ಮಾತಿನ ಕೆಳಗ ನನ್ನ ಹೆಸರ ಬ್ಯಾಡಪ್ಪ. ಮಂದಿ ನಾನ ಅಂದೀನಂತ ತಿಳ್ಕೊತಾರ."

ಬೋರ್ಡನ್ನು ಎಲ್ಲರೂ ಓದಿದರು. ಅಕ್ಷರಗಳನ್ನು ಹೊಗಳಿದರು. ಖಾಜಾಭಾಯಿಯಂತೂ, "ಅಚ್ಛಾ ಮಾಡಿದಿ ಭಾಯಿ, ಕೆಲವು ಮಂದಿಗೆ ಹಿಂಗ ಹೇಳಬೇಕಾಗ್ತದ" ಎಂದು ಮಗಳ ಕೀಬೋರ್ಡನ್ನು ಮೇಜಿನ ಮೇಲಿಟ್ಟು ಹೋದರು. ಬೋರ್ಡು ಪ್ರತಿಯೊಬ್ಬನಿಗೂ ನನ್ನ ಬೇರೆ ಗೆಳೆಯರ ಕುರಿತದ್ದಾಗಿತ್ತು. ಅಕ್ಕಿ, ಮೆಣಸಿನಕಾಯಿ ಮೊದಲಿನಂತೆಯೇ ಬರುತ್ತಿದ್ದವು.

ಆ ಬೋರ್ಡಿನ ಮಾತು ನಡೆಸಿದವನು ಒಬ್ಬನೇ. ಬರೆದವನು.

ಯಾದಗಿರಿಗೆ ಫ್ಲೆಕ್ಸ್ ಯಂತ್ರ ಬಂದಿತ್ತು. ಮಾನಪ್ಪ ದಿನವಿಡೀ ಕುಳಿತು ಬರೆಯುವುದನ್ನು ಅದು ಚಾ ಆರುವಷ್ಟರಲ್ಲಿ ಹೊರಗೆ ಹಾಕುತ್ತಿತ್ತು. ಅವನು ಒಂದು ಮುಂಜಾನೆ ಬಂದು ಸ್ಟೂಲಿನ ಮೇಲೆ ಕುಳಿತ.

"ಬ್ರಷ್ ಕೇಳೋರಿಲ್ಲೋ. ಮನ್ಯಾಗ ಕುಂತು ಡಿಸೈನ್ ಮಾಡಿಕೊಟ್ರ ಫ್ಲೆಕ್ಸಿನವರು ಕೆಲಸ ಕೊಡ್ತೀವಂದಾರ. ನನಗೊಂದು ಕಂಪ್ಯೂಟರ್ ಕಟ್ಟಿಕೊಡು. ಇದೂ ಕೈ ಹತ್ತಲಿಲ್ಲಂದ್ರ ಕಡೇಚೂರಿಗೆ ಹೋಗಿ ಫ್ಯಾಕ್ಟರಿ ಗೇಟಿಗೆ ನಿಂದ್ರೋದ ಉಳದದ."

ಕಟ್ಟಿದೆ. ನನ್ನ ಕೈಯಿಂದ ಅಷ್ಟು ಚೊಕ್ಕ ಕೆಲಸ ಅದಕ್ಕೂ ಮುಂಚೆ ಆಗಿರಲಿಲ್ಲ. ಅವನು ಒಯ್ಯಲು ಬಂದಾಗ ರೇಟು ಹೇಳಿದೆ. ಅವನು ಕಡಿಮೆ ಮಾಡಿಸಲಿ ಎಂದೇ ಸ್ವಲ್ಪ ಜಾಸ್ತಿ ಸೇರಿಸಿ ಹೇಳಿ, ಜಗಳಕ್ಕೆ ಸಿದ್ಧನಾಗಿ ಕುಳಿತೆ.

ಇಲ್ಲಿ ನಮ್ಮ ದೊಡ್ಡಪ್ಪನ ಮಾತು ಹೇಳಬೇಕು. ನನಗೆ ಮಾತು ಕಲಿಸಿದವನು ಅವನು, ಅದೂ ಯಾದಗಿರಿಯ ಬಟ್ಟೆ ಅಂಗಡಿಗಳಲ್ಲಿ. ಒಂದು ಧೋತರಕ್ಕೆ ಅರ್ಧ ದಿನ ಚೌಕಾಸಿ ಮಾಡುತ್ತಿದ್ದ. ಅಂಗಡಿಯವರ ಮನೆಮಂದಿಯ ಆರೋಗ್ಯ ವಿಚಾರಿಸುತ್ತಿದ್ದ, ಬಟ್ಟೆಯನ್ನು ಬೈಯುತ್ತಿದ್ದ, ಕೊನೆಗೆ ಎದ್ದು ಚಪ್ಪಲಿ ಮೆಟ್ಟಿ ನಿಧಾನಕ್ಕೆ ನಡೆಯುತ್ತಿದ್ದ. ಹಿಂದಿನಿಂದ ಕರೆ ಬರುತ್ತಿತ್ತು. ಬಾರದ ದಿನ ನನಗೆ ನೆನಪಿಲ್ಲ. "ಒಂದ ಮಾತಿಗೆ ರೊಕ್ಕ ಕೊಟ್ಟು ಬಂದ್ರ ಅಂಗಡಿಯಾವಗ ಕೆಟ್ಟ ಅನಸ್ತದ" ಎನ್ನುತ್ತಿದ್ದ. "ಇವರಿಗೆ ನನ್ನ ಮ್ಯಾಲ ಸಿಟ್ಟದ ಅಂತ ತಿಳ್ಕೊತಾನ."

ಮಾನಪ್ಪ ಚೌಕಾಸಿ ಮಾಡಲಿಲ್ಲ. ಬಾಗಿಲ ಮೇಲಿನ ಬೋರ್ಡಿನತ್ತ ಒಮ್ಮೆ ಕತ್ತೆತ್ತಿ ನೋಡಿದ. ಟರ್ಪಂಟೈನ್ ವಾಸನೆಯ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟ.

"ಲೇ, ಏನಿದು?"

"ನಾನ ಬರದದ್ದು. ನಾನ ಓದಲಿಲ್ಲಂದ್ರ ಹ್ಯಾಂಗ?"

ಅವನು ಎದ್ದಾಗ, ಈಗ ಹೊರಟಂತೆ ಮಾಡುತ್ತಾನೆ, ನಾನು ಕರೆಯಬೇಕು ಎಂದು ಬಾಯಿ ತೆರೆದಿದ್ದೆ. ಅವನು ಎದ್ದದ್ದು ಕಂಪ್ಯೂಟರ್ ಎತ್ತಿಕೊಳ್ಳಲಿಕ್ಕೆ. ಡಬ್ಬವನ್ನು ಹೆಗಲ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

"ಗಾಡಿ ಎಲ್ಲಿ ಇವಂದು?" ಎಂದು ಖಾಜಾಭಾಯಿಯನ್ನು ಕೇಳಿದೆ.

"ಮಾರ್ಯಾನಲ್ಲ. ಕಂಪ್ಯೂಟರಿಗೆ ರೊಕ್ಕ ಎಲ್ಲಿಂದ ಬಂತಂದಿ?"

ಹಿಂದೆ ಓಡಿಹೋಗಿ ಒಂದಿಷ್ಟು ವಾಪಸು ಕೊಡೋಣವೆಂದರೆ ಅದು ಇನ್ನೂ ಕೆಟ್ಟದು. ಪೂರ್ತಿ ಕೊಟ್ಟವನಿಗೆ ವಾಪಸು ಕೊಡುವುದೆಂದರೆ ಭಿಕ್ಷೆ ಹಾಕಿದಂತೆ. ಆ ತಿಂಗಳ ಬಾಡಿಗೆಯನ್ನು ಮೊದಲ ಬಾರಿಗೆ ಹೊತ್ತಿಗೆ ಸರಿಯಾಗಿ ಕಟ್ಟಿದೆ. ಮಾಲೀಕರು ಖುಷಿಯಾದರು. ಬೇರೆ ಯಾರೂ ಆಗಲಿಲ್ಲ.

ಆಮೇಲೆ ಮಾನಪ್ಪ ಶಹಾಪುರಕ್ಕೆ ಬಂದರೂ ನಮ್ಮ ಓಣಿಗೆ ಬರುತ್ತಿರಲಿಲ್ಲ. ಸುದ್ದಿ ಬಂದದ್ದು ಖಾಜಾಭಾಯಿಯ ಕೆಟಲಿನ ಮೂಲಕ.

"ಮಾನಪ್ಪನ ಕಂಪ್ಯೂಟರ್ ಬಂದ್ ಬಿದ್ದದಂತ. ಯಾದಗಿರಿಗೆ ಹೊತ್ಕೊಂಡು ಹೋಗಿದ್ನಂತ. ಅಲ್ಲ್ಯಾವನೋ, ಒಳಗಿಂದೆಲ್ಲ ಸುಟ್ಟದ, ಹೊಸಾದು ತಗೋ ಅಂದಾನಂತ. ಮದುವಿ ಸುಗ್ಗಿ ಅದ ನೋಡು, ಈ ವಾರ ಕೆಲಸ ಮುಟ್ಟಸಲಿಲ್ಲಂದ್ರ ಫ್ಲೆಕ್ಸಿನವರು ಬ್ಯಾರೆಯವರಿಗೆ ಕೊಡ್ತಾರಂತ."

"ಇಲ್ಲಿಗ್ಯಾಕ ತರಲಿಲ್ಲ?"

ಖಾಜಾಭಾಯಿ ಗದ್ದದಿಂದ ನನ್ನ ಬೋರ್ಡಿನ ಕಡೆ ತೋರಿಸಿ ಚಾ ಸುರಿದರು. ಕೆನೆ ಹಾಕಲಿಲ್ಲ.

ಅಂಗಡಿ ಮುಚ್ಚಿ ಸುರಪುರದ ಬಸ್ ಹತ್ತಿದೆ. ಮಾನಪ್ಪನ ಹೆಂಡತಿ ದೇವಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅಣ್ಣಾರ. ದಾರಿ ಮರತೀರಿ ಅಂದ್ಕೊಂಡಿದ್ದೆ."

ಮಾನಪ್ಪ, "ಬರ್ರಿ, ಕುಂದರ್ರಿ" ಎಂದು ಕುರ್ಚಿ ಒರೆಸಿದ. ಒಂದೇ ಬೆಂಚಿನಲ್ಲಿ ಕುಳಿತವನು ನನಗಾಗಿ ಕುರ್ಚಿ ಒರೆಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಂಪ್ಯೂಟರಿನ ಮಗ್ಗುಲು ಬಿಚ್ಚಿದೆ. ಒಳಗಿನಿಂದ ಟರ್ಪಂಟೈನ್ ವಾಸನೆ ಗುಪ್ಪೆಂದು ಬಂತು.

"ಇದಕ್ಕೇನು ಹಚ್ಚಿದಿ?"

"ಏನಿಲ್ರಿ. ಧೂಳ ಕುಂತಿತ್ತು, ಟರ್ಪಂಟೈನ್‌ಲೆ ಒರಸೀನಿ."

ಬ್ರಷ್ಷು, ಕೈ, ಡಬ್ಬಿ, ಅಂಗಿ, ತಪ್ಪಿ ಬಿದ್ದ ಅಕ್ಷರ ಎಲ್ಲವನ್ನೂ ಟರ್ಪಂಟೈನಿನಿಂದಲೇ ಸ್ವಚ್ಛ ಮಾಡಿದ ಮನುಷ್ಯ ಕಂಪ್ಯೂಟರಿಗೆ ಮಾತ್ರ ಬೇರೆ ನ್ಯಾಯ ಮಾಡುತ್ತಾನೆಯೇ? ಅಂಟಂಟಾದ ಒಳಭಾಗದ ತುಂಬ ಸುರಪುರದ ಧೂಳು ಮೊದಲಿಗಿಂತ ಗಟ್ಟಿಯಾಗಿ ಕುಳಿತಿತ್ತು. ಸುಟ್ಟದ್ದು ಏನೂ ಇರಲಿಲ್ಲ. ಔಷಧಿ ಅಂಗಡಿಯಿಂದ ಸ್ಪಿರಿಟ್ ತರಿಸಿ ಒರೆಸಿದೆ. ಮೆಮೊರಿ ಪಟ್ಟಿಯ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದೆ. ಒಣಗಲು ಬಿಟ್ಟು, ಜೋಡಿಸಿ, ಗುಂಡಿ ಒತ್ತಿದೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ಪರದೆ ಬೆಳಗಿತು. ಅರ್ಧಕ್ಕೆ ನಿಂತಿದ್ದ ಮದುವೆ ಫ್ಲೆಕ್ಸೊಂದರಲ್ಲಿ ವರ ಮಾತ್ರ ಇದ್ದ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಮಾನಪ್ಪ ಜೇಬಿಗೆ ಕೈ ಹಾಕಿದ. ಅವನು ಕರವಸ್ತ್ರ ತೆಗೆಯಲಿ ಎಂದು ಬೇಡಿಕೊಂಡೆ. ತೆಗೆಯಲಿಲ್ಲ.

"ಎಷ್ಟಾತ್ರಿ?"

ಏನೂ ಬೇಡವೆಂದರೆ ಕೆಲಸ ಕೆಡುತ್ತಿತ್ತು. ನ್ಯಾಯದ ರೇಟು ಹೇಳಿದ್ದರೆ ಕೊಟ್ಟುಬಿಡುತ್ತಿದ್ದ.

"ಮೂರು ಸಾವಿರ" ಎಂದೆ.

ನೋಟು ಎಳೆಯುತ್ತಿದ್ದ ಕೈ ಜೇಬಿನಲ್ಲೇ ನಿಂತಿತು.

"ಎಷ್ಟು?"

"ಮೂರು ಸಾವಿರ."

"ಲೇ, ತಲಿ ನೆಟ್ಟಗದ ಇಲ್ಲ ನಿಂದು? ರಬ್ಬರಿಲೆ ತಿಕ್ಕಿದ್ದಕ್ಕ ಮೂರು ಸಾವಿರ?"

"ಬೋರ್ಡ ಓದಿಲ್ಲೇನು?"

"ಬೋರ್ಡ ನಾ ಬರದೀನಿ, ನನಗ ಹೇಳಬ್ಯಾಡ. ಅದೇ ರೇಟು ಅಂತ ಬರದೀನಿ, ಕಳ್ಳರೇಟು ಅಂತ ಬರದಿಲ್ಲ. ನೂರು ರೂಪಾಯಿ ಕೊಡ್ತೀನಿ, ತಗೊಂಡು ಎದ್ದೇಳು."

"ಬಸ್ ಚಾರ್ಜು?"

"ನಿನಗ ಬಾ ಅಂತ ಕರದೋರ್ಯಾರು?"

"ಸ್ಪಿರಿಟ್?"

"ಸ್ಪಿರಿಟಿಗೆ ರೊಕ್ಕ ಕೊಟ್ಟಾಕಿ ನನ್ನ ಹೇಂತಿ."

"ರೊಟ್ಟಿ ಆರಾಕತ್ತಾವ" ಎಂದಳು ದೇವಮ್ಮ. "ಉಂಡು ಆಮ್ಯಾಲ ಹೊಡದಾಡ್ರಿ, ಬಲ ಬರ್ತದ."

ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಉಂಡು, ಬಲ ಬಂದು, ಮತ್ತೆ ಹೊಡೆದಾಡಿದೆವು. ಅವನು ನನ್ನ ಹೈಸ್ಕೂಲಿನ ಅಂಕಗಳನ್ನು ಎತ್ತಿದ. ನಾನು ಅವನು ಕೆಡಿಸಿದ್ದ ಬೋರ್ಡುಗಳನ್ನು ಎತ್ತಿದೆ. ಸಂಜೆ ಬಸ್ಸಿನ ಹೊತ್ತಿಗೆ ನೂರೈವತ್ತಕ್ಕೆ ಇತ್ಯರ್ಥವಾಯಿತು. ಜೊತೆಗೆ ರೊಟ್ಟಿಗೆ ನಂಚಿಕೊಳ್ಳಲು ದೇವಮ್ಮ ಕಟ್ಟಿಕೊಟ್ಟ ಶೇಂಗಾ ಹಿಂಡಿ.

ಗೆಳೆಯರಿಂದ ದುಡ್ಡು ತೆಗೆದುಕೊಳ್ಳಬಹುದು ಎಂದು ಅಂದು ತಿಳಿಯಿತು. ಆದರೆ ಅದಕ್ಕೆ ಒಂದು ಮಧ್ಯಾಹ್ನ ಕೊಡಬೇಕು. ವ್ಯಾಪಾರದ ಲೆಕ್ಕದಲ್ಲಿ ಇದು ನಷ್ಟದ ಬಾಬತ್ತು. ಮುಂದೆ ಎಲ್ಲ ಗೆಳೆಯರಿಗೂ ಬಾಯಿಗೆ ಬಂದ ರೇಟು ಹೇಳತೊಡಗಿದೆ. ಅವರು ಕೂಗಾಡಿದರು, ಬೈದರು, ಒಂದಿಷ್ಟು ಕೊಟ್ಟರು. ಮಾಲೀಕರ ಬಾಡಿಗೆ ತಡವಾಗಿಯಾದರೂ ನಡೆಯಿತು. ಮಾನಪ್ಪನ ಮದುವೆ ಫ್ಲೆಕ್ಸುಗಳಿಗೆ ವಧುಗಳೂ ಸಿಕ್ಕರು. ನನ್ನ ಅಂಗಡಿಯ ಫ್ಲೆಕ್ಸನ್ನೂ ಅವನೇ ಮಾಡಿ, ತಾನೇ ಬರೆದ ಬೋರ್ಡಿನ ಮೇಲೆ ತಾನೇ ಮೊಳೆ ಹೊಡೆದು ಹೋಗಿದ್ದ. ಗಾಳಿಗೆ ಹರಿದದ್ದು ಅದೇ.

ಫೋನು ಮಾಡಿದೆ. ನಿನ್ನೆ ಬಂದ. ತಲೆಗೂದಲು ಬಿಳಿಯಾಗಿದೆ, ಮೋಟಾರ್ ಸೈಕಲ್ ಹೊಸದು. ಹೊಸ ಫ್ಲೆಕ್ಸಿಗೆ ಅಳತೆ ತೆಗೆದುಕೊಳ್ಳುತ್ತಾನೆ ಎಂದುಕೊಂಡರೆ, ಹಳೆಯ ಬೋರ್ಡನ್ನು ಸುಮಾರು ಹೊತ್ತು ನೋಡುತ್ತ ನಿಂತ.

"ಆ ಸಾಲು ಅಳಿಸಿಬಿಡು. ಮಂದಿ ಕೇಳಾಕತ್ತಾರ" ಎಂದೆ.

"ಯಾಕಳಸಬೇಕು? ಅಕ್ಷರ ಎಷ್ಟ ಛಲೋ ಬಂದಾವ ನೋಡು."

ಗಾಡಿಯ ಪೆಟ್ಟಿಗೆಯಿಂದ ಒಂದು ಸಣ್ಣ ಡಬ್ಬಿ, ಒಂದು ಸಣ್ಣ ಬ್ರಷ್ ತೆಗೆದ. ಸ್ಟೂಲು ಹತ್ತಿ, ಖಾಲಿ ಉಳಿದಿದ್ದ ಮೂಲೆಯಲ್ಲಿ ಇರುವೆ ಸಾಲಿನಂತೆ ತನ್ನ ಹೆಸರನ್ನೂ ಊರನ್ನೂ ಬರೆದ. ಅಂಗಡಿಯ ತುಂಬ ಟರ್ಪಂಟೈನ್ ವಾಸನೆ. ಇಳಿದು ಬ್ರಷ್ ಒರೆಸುತ್ತ, "ಎರಡು ಸಾವಿರ" ಎಂದ.

"ಯಾತಕ್ಕ? ನಿನ್ನ ಹೆಸರ ನೀ ಬರಕೊಂಡಿದ್ದಕ್ಕಾ?"

ಅವನು ಬ್ರಷ್ಷಿನ ತುದಿಯಿಂದ ಮೇಲಿನ ಸಾಲು ತೋರಿಸಿದ.

ನಾನು ಎದ್ದು ಚಪ್ಪಲಿ ಮೆಟ್ಟಿದೆ. ನನ್ನದೇ ಅಂಗಡಿಯಿಂದ ಇಳಿದು, ದೊಡ್ಡಪ್ಪ ಕಲಿಸಿದಂತೆ ನಿಧಾನಕ್ಕೆ, ಹಿಂದಿರುಗಿ ನೋಡದೆ ನಡೆದೆ. ಎದುರಿಗೆ ಖಾಜಾಭಾಯಿ ನನ್ನನ್ನು ನೋಡಿ ಒಂದು ಗ್ಲಾಸು ತೊಳೆದಿಟ್ಟರು. ನನ್ನ ಹೆಗಲಾಚೆ ನೋಡಿ ಇನ್ನೊಂದನ್ನು ತೊಳೆದರು. ಆಗ ಹಿಂದಿನಿಂದ ಕೂಗು ಬಂತು.

"ಬಾರಲೇ ಇಲ್ಲಿ. ನೀ ಎಷ್ಟ ಕೊಡ್ತಿ, ಅದನ್ನಾರ ಹೇಳು."