ಫ್ಲೆಕ್ಸಿನಲ್ಲಿ ನನ್ನ ಸೊಟ್ಟ ಬೆರಳು

ಮಾನ್ವಿ ಬಸ್ ನಿಲ್ದಾಣದ ಹೊರಗೋಡೆಗೆ ಹತ್ತಿಕೊಂಡು ನನ್ನ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಅಂಗಡಿ ಇದೆ. ಅಂಗಡಿ ಅಂದರೆ ನಾಲ್ಕು ಗೂಟ, ಒಂದು ತಾಡಪತ್ರಿ, ಮುಂದೆ ಒಂದು ಅಡ್ಡ ಬಿದಿರು. ಬಿದಿರು ತಗ್ಗಾಗಿದೆ. ಎತ್ತರಿಸಿದರೆ ಬಿಸಿಲು ನೇರ ಮುಖಕ್ಕೆ ಬಡಿಯುತ್ತದೆ, ಅದಕ್ಕೆ ಎತ್ತರಿಸಿಲ್ಲ. ಒಳಗೆ ಬರುವವರು ಬಗ್ಗಿ ಬರಬೇಕು. ಬಗ್ಗಿದವರು ಅವಸರದಲ್ಲಿ ತಲೆ ಎತ್ತಿ ಬಡಿದುಕೊಳ್ಳುತ್ತಾರೆ. ಹಾಗಾಗಿ ಬಂದವರ ತಲೆಯ ಮೇಲೆ ಕೈಯಿಟ್ಟು ಒಳಗೆ ಕರೆದುಕೊಳ್ಳುವುದು ನನಗೆ ರೂಢಿಯಾಗಿದೆ. ಬಲಗೈ ಯಾವಾಗಲೂ ಕಡಲೆಹಿಟ್ಟಿನಲ್ಲಿ ಇರುತ್ತದೆ, ಆದ್ದರಿಂದ ಎಡಗೈ. ಪೊಲೀಸಪ್ಪ ಬರಲಿ, ಮಾಸ್ತರು ಬರಲಿ, ಎಲ್ಲರ ತಲೆಗೂ ಅದೇ ಎಡಗೈ.

ಪಕ್ಕದಲ್ಲಿ ಆಪಾಳ ಚಹಾ ಗಾಡಿ. ಆಪಾ ಅಂದರೆ ಅವರ ಉರ್ದು ಮಾತಿನಲ್ಲಿ ಅಕ್ಕ. ಆಕೆ ನನ್ನನ್ನು ಅಕ್ಕಾ ಅನ್ನುತ್ತಾಳೆ. ಇಬ್ಬರದೂ ಹುಟ್ಟಿದ ವರ್ಷ ಯಾರೂ ಬರೆದಿಟ್ಟಿಲ್ಲ, ಹೀಗಾಗಿ ಒಬ್ಬರನ್ನೊಬ್ಬರು ಮುದುಕಿ ಮಾಡುತ್ತಲೇ ಮೂವತ್ತು ವರ್ಷ ಕಳೆದೆವು. ನನ್ನ ಮಿರ್ಚಿ ತಿಂದು ಬಾಯಿ ಉರಿದವರು ಅವಳ ಚಹಾಕ್ಕೆ ಹೋಗುತ್ತಾರೆ, ಅವಳ ಚಹಾಕ್ಕೆ ಬಂದವರನ್ನು ನನ್ನ ಬಾಣಲೆಯ ವಾಸನೆ ಎಳೆಯುತ್ತದೆ. ಆಕೆ ನಮಾಜಿಗೆ ಎದ್ದರೆ ಚಹಾ ಸೋಸುವವಳು ನಾನು. ನಾನು ಮಂಡಕ್ಕಿ ತರಲು ಪೋತ್ನಾಳಕ್ಕೆ ಹೋದರೆ ಬಾಣಲೆ ನೋಡುವವಳು ಆಕೆ. ಅರ್ಧ ಮಿರ್ಚಿ ಕರಕು ಮಾಡಿ ಇಡುತ್ತಾಳೆ, ಅದು ಬೇರೆ ಮಾತು.

ಪುರಸಭೆ ಚುನಾವಣೆ ಬಂತು. ನಮ್ಮ ವಾರ್ಡಿನಲ್ಲಿ ಇಬ್ಬರು ಬಿರುಸಾಗಿ ನಿಂತರು, ಇಬ್ಬರೂ ಯಾವ ಪಕ್ಷಕ್ಕೂ ಸೇರಿದವರಲ್ಲ. ಒಬ್ಬ ಪಂಪ್‌ಸೆಟ್ ರಿಪೇರಿ ಮಾಡುವ ಆಪಾಳ ತಮ್ಮ, ಇನ್ನೊಬ್ಬ ಗೊಬ್ಬರದ ಅಂಗಡಿಯವನು. ನನಗೆ ಇಬ್ಬರ ಮೇಲೂ ಅಂಥ ಪ್ರೀತಿ ಇರಲಿಲ್ಲ. ನಿಲ್ದಾಣದ ಹಿಂದೆ ಕಟ್ಟಿಕೊಂಡ ಮೋರಿಯ ಹೂಳು ಯಾರು ತೆಗೆಸಿದರೂ ಸರಿ ಅಂದುಕೊಂಡಿದ್ದೆ.

ಒಂದು ಮುಂಜಾನೆ ಗೊಬ್ಬರದವನು ನಾಲ್ಕು ಮಂದಿ, ಒಂದು ಕ್ಯಾಮೆರಾ ಕಟ್ಟಿಕೊಂಡು ಬಂದ. ಬಗ್ಗಿದ. ನನ್ನ ಕೈ ತಾನಾಗಿಯೇ ಅವನ ತಲೆಗೆ ಹೋಯಿತು.

“ತಲಿ ಬಡಿತದ, ಸಾವಕಾಶ ಬಾರಪ್ಪ” ಅಂದೆ. ಕ್ಯಾಮೆರಾದವನು ಫೋಟೋ ಹೊಡೆದ. ಅವರು ಮಿರ್ಚಿ ತಿಂದು ಹೋದರು, ನಾನು ಮರೆತೆ.

ಎರಡು ದಿನಕ್ಕೆ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಬಂಡಿ ಗಾಲಿಯಷ್ಟು ಅಗಲ ನನ್ನ ಮುಖ. ಬೆಳ್ಳಗೆ ಮಾಡಿದ್ದರು, ಸುಕ್ಕು ಒರೆಸಿದ್ದರು. ಬಿದಿರಿಲ್ಲ, ತಾಡಪತ್ರಿಯಿಲ್ಲ, ಬಾಣಲೆಯಿಲ್ಲ. ನನ್ನ ಹಿಂದೆ ಸೂರ್ಯ ಹುಟ್ಟುತ್ತಿದ್ದ. ಗೊಬ್ಬರದವನು ಮಗನ ಹಾಗೆ ತಲೆ ಬಗ್ಗಿಸಿದ್ದ. ನನಗೆ ಅಕ್ಷರ ಕೂಡಿಸಲು ಹೊತ್ತು ಹಿಡಿಯುತ್ತದೆ. ಒಂದು ಬಸ್ಸು ಬಂದು ಹೋಗುವಷ್ಟರಲ್ಲಿ ಓದಿದೆ: ‘ಹಿರಿಯ ತಾಯಿಯ ಆಶೀರ್ವಾದ ನಮಗೆ.’

ಸುಳ್ಳು ಯಾಕೆ ಹೇಳಲಿ, ಚಂದ ಕಾಣುತ್ತಿದ್ದೆ. ಮದುವೆಯ ದಿನವೂ ಅಷ್ಟು ಚಂದ ಇರಲಿಲ್ಲ. ನಾಲ್ಕು ದಿನ ಅದನ್ನೇ ನೋಡಿದ ಮೇಲೆ ಗೊಬ್ಬರದವನು ಒಳ್ಳೆಯವನೇ ಇರಬೇಕು ಅನಿಸತೊಡಗಿತು. ನಾನೇ ಹರಸಿದ್ದೇನಲ್ಲ! ಹರಸಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಾಗನಿಸಿತು. ನನಗೇ ಹೀಗಾದರೆ ಬಸ್ಸಿನ ಕಿಟಕಿಯಿಂದ ನೋಡುವವರ ಗತಿ ಏನು?

ದೇವದುರ್ಗದಿಂದ ತಂಗಿಯ ಮಗಳು ಫೋನ್ ಮಾಡಿದಳು. “ದೊಡ್ಡವ್ವಾ, ನಿನ್ನ ಫೋಟೋ ನಮ್ಮ ಮೊಬೈಲಿಗೂ ಬಂದದ. ಲೀಡರ್ ಆಗಿಬಿಟ್ಟಿಯೇನ್ಬೇ?”

“ಎಂಥಾ ಲೀಡರ್. ಅಂವಗ ಬಿದಿರು ಬಡಿಬಾರ್ದಂತ ಕೈ ಇಟ್ಟೀನಿ.”

“ಬಿದಿರು ಎಲ್ಲದ? ಹಿಂದ ಸೂರ್ಯ ಕಾಣಾಕತ್ತಾನ!”

ನಗುವ ಮಾತಾಗಿತ್ತು. ಆದರೆ ಆಪಾ ನಗಲಿಲ್ಲ. ಫ್ಲೆಕ್ಸ್ ಎದ್ದ ದಿನವೇ ನಮ್ಮಿಬ್ಬರ ನಡುವೆ ಒಂದು ಹಳೆಯ ಚಾದರ ಕಟ್ಟಿದಳು. ಗೊಬ್ಬರದವನ ಕಡೆಯವರು ಬಂದು ನನ್ನ ಕಾಲು ಮುಟ್ಟಿ ಮಿರ್ಚಿ ತಿನ್ನುವರು, ಆಮೇಲೆ ಎದುರಾಳಿಯ ಅಕ್ಕನ ಚಹಾ ಕುಡಿಯಲು ಮುಜುಗರಪಟ್ಟು ಬಾಯಿ ಉರಿಸಿಕೊಂಡೇ ಬಸ್ಸು ಹತ್ತುವರು. ಶುಕ್ರವಾರ ಆಪಾ ನನಗೆ ಕೇಳಲೆಂದೇ ಗಾಳಿಗೆ ಹೇಳಿದಳು: “ಸೋಮವಾರದಿಂದ ಕೋರ್ಟಿನ ಮುಂದ ಗಾಡಿ ಹಚ್ಚತೀನಿ.”

ನಾನು ಚಾದರ ಸರಿಸಿದೆ. “ಯಾಕ ಬೇ ಆಪಾ?”

“ನನ್ನ ತಮ್ಮ ನಿಂತಾನ. ನೀ ಅವನ ದುಶ್ಮನ್ ತಲಿ ಮ್ಯಾಲ ಕೈ ಇಟ್ಟಿ.”

“ನಿನ್ನ ತಮ್ಮನ ತಲಿ ಮ್ಯಾಲೂ ದಿನಾ ಇಡ್ತೀನಿ. ಈ ಬಿದಿರು ನಿನಗ ಗೊತ್ತಿಲ್ಲೇನು? ನಿನ್ನ ತಲಿಗೇ ಎಷ್ಟು ಸಲ ಬಡದದ!”

“ಫೋಟೋದಾಗ ಬಿದಿರಿಲ್ಲ.”

“ಫೋಟೋದಾಗ ನನ್ನ ಸುಕ್ಕೂ ಇಲ್ಲ!”

“ಬಾತ್ ನಕ್ಕೋ ಕರ್, ಮಾತಾಡಬ್ಯಾಡ ಅಕ್ಕಾ. ಊರ ಮಂದಿ ಎಲ್ಲಾ ಕಣ್ಣಿಲೆ ನೋಡ್ಯಾರ.”

ಮೂವತ್ತು ವರ್ಷ ಪಕ್ಕದಲ್ಲಿ ಕೂತು ಕಂಡದ್ದು ಒಂದು ಫ್ಲೆಕ್ಸಿನ ಮುಂದೆ ನಿಲ್ಲಲಿಲ್ಲ. ನನಗೆ ಸಿಟ್ಟು ಬಂತು. ಆಕೆ ಹೋದರೆ ಹೋಗಲಿ ಅಂತಲೂ ಅಂದುಕೊಂಡೆ. ಆದರೆ ಆ ದಿನ ಮೂರು ಸಲ ಚಾದರದ ಕಡೆ ತಿರುಗಿ ಮಾತಾಡಲು ಬಾಯಿ ತೆರೆದು ಮುಚ್ಚಿದೆ. ಬೈಯಲೂ ಪಕ್ಕದಲ್ಲಿ ಯಾರಾದರೂ ಬೇಕು.

ಭಾನುವಾರ ಗಿರಾಕಿ ಕಡಿಮೆ. ಬಿದಿರಿನ ನೆರಳಾದರೂ ಎಲ್ಲಿಯೋ ಉಳಿದಿರಬೇಕೆಂದು ಹುಡುಕಲು ಫ್ಲೆಕ್ಸಿನ ಕೆಳಗೆ ಹೋಗಿ ನಿಂತೆ. ನೆರಳು ಸಿಗಲಿಲ್ಲ. ಆದರೆ ನನ್ನ ಸೆರಗು ಬೇರೆ ಹೆಗಲ ಮೇಲೆ ಇತ್ತು. ಆಮೇಲೆ ಕೈ ನೋಡಿದೆ. ಕಿರುಬೆರಳು ಹೊರಗೆ ಸೊಟ್ಟಗೆ ಚಾಚಿತ್ತು. ಆ ಬೆರಳು ನನ್ನದೇ, ಆದರೆ ನನ್ನ ಸೊಟ್ಟ ಬೆರಳು ಇರುವುದು ಎಡಗೈಯಲ್ಲಿ. ಫ್ಲೆಕ್ಸಿನಲ್ಲಿ ಅದು ಬಲಗೈಯಲ್ಲಿತ್ತು. ಎರಡೂ ಕೈ ಎತ್ತಿ ಹಿಡಿದು ಅಳೆದು ನೋಡಿದೆ.

“ಏನ್ಬೇ ಯವ್ವಾ, ನಿನಗ ನೀನೇ ಕೈ ಮುಗಿಯಾಕತ್ತೀಯೇನು?” ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಕೇಳಿದ.

“ಸುಮ್ನಿರಪ್ಪ, ನನ್ನ ಕೈ ಹುಡುಕಾಕತ್ತೀನಿ.”

ಆ ಬೆರಳಿನ ಕಥೆ ಇಷ್ಟೇ. ಹಿಂದೊಮ್ಮೆ ಹಿಟ್ಟು ರುಬ್ಬುವಾಗ ಗುಂಡುಕಲ್ಲು ಅದರ ಮೇಲೆ ಬಿತ್ತು. ಆಸ್ಪತ್ರೆ ಬೇಡವೆಂದು ಆಪಾ ತಾನೇ ಒಂದು ಕಡ್ಡಿ ಇಟ್ಟು, ಚಹಾ ಸೋಸುವ ಬಟ್ಟೆ ಹರಿದು ಕಟ್ಟಿದಳು. ಬೆರಳು ಕೂಡಿತು, ಸೊಟ್ಟಗೆ.

ಚಾದರ ಕಿತ್ತೆಸೆದು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. “ನೋಡು, ಆ ಬೆರಳು ಕಟ್ಟಿದ್ದು ಯಾರು?”

ಆಪಾ ಕನ್ನಡಕ ಏರಿಸಿ ನೋಡಿದಳು. “ನಾನೇ.”

“ಯಾವ ಕೈಗೆ ಕಟ್ಟಿದ್ದಿ?”

“ಎಡಗೈಗೆ.”

“ಅಲ್ಲಿ ಯಾವ ಕೈಯಾಗದ?”

ಆಕೆ ತನ್ನ ಕೈಗಳನ್ನೂ ಎತ್ತಿ ನೋಡಿಕೊಂಡಳು. “ಬಲಗೈಯಾಗ...”

“ಎಡಗೈಲೆ ಯಾರರ ಆಶೀರ್ವಾದ ಮಾಡ್ತಾರೇನ ಬೇ? ಅದಕ್ಕ ಫೋಟೋನ ತಿರುವಿ ಹಾಕ್ಯಾರ. ನಾ ಹರಸಬೇಕಂದ್ರ ಹಿಟ್ಟಿನ ಕೈ ತೊಳಕೊಂಡು ಹರಸ್ತಿದ್ದೆ.”

ಆಪಾ ನನ್ನ ಎಡಗೈ ಎಳೆದುಕೊಂಡು ಕಿರುಬೆರಳು ಮುಟ್ಟಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ನಕ್ಕಳು. “ಯಾ ಅಲ್ಲಾ, ಎಷ್ಟು ಕೆಟ್ಟ ಕಟ್ಟೀನಿ ಅಕ್ಕಾ ನಾ! ದೂರಿಂದ ಕಾಣ್ತದ!”

ಕಂಡಕ್ಟರ್ ಕೇಳಿಸಿಕೊಂಡಿದ್ದ. ಅವನ ಬಸ್ಸು ರಾಯಚೂರು ಮುಟ್ಟುವಷ್ಟರಲ್ಲಿ ಎಡಗೈ ಆಶೀರ್ವಾದದ ಸುದ್ದಿ ಊರೂರಿಗೆ ಇಳಿಯಿತು. ಸಂಜೆಯೊಳಗೆ ಗೊಬ್ಬರದವನ ಮಂದಿಯೇ ಫ್ಲೆಕ್ಸ್ ಬಿಚ್ಚಿ ಗೋಡೆಯ ಬುಡಕ್ಕೆ ಎಸೆದು ಹೋದರು. ಸೋಮವಾರ ಅವನೇ ಬಂದ. “ಯವ್ವಾ, ಇನ್ನೊಂದ್ಸಲ, ಬಲಗೈಲೆ ಇಡ್ರಿ” ಅಂದ. “ಹಿಟ್ಟದ, ನಿನ್ನ ಬಿಳಿ ಅಂಗಿಗೆ ಹತ್ತತದ” ಅಂದೆ. ಮಧ್ಯಾಹ್ನ ಆಪಾಳ ತಮ್ಮನೂ ಒಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ಆಪಾ ಚಹಾ ಸೋಸುವ ಬಟ್ಟೆ ಹಿಡಿದು ಅಡ್ಡ ನಿಂತಳು.

“ನಡೀಲೇ! ಮೋರಿ ತೆಗೆಸ್ತೀನಿ ಅಂತ ಬಾಯಿಲೆ ಹೇಳು. ಈಕಿನ್ನ ಮತ್ತ ಬೆಳ್ಳಗ ಮಾಡಿದ್ರ ನಾ ಗುರ್ತು ಹಿಡಿಯಂಗಿಲ್ಲ.”

ಅವನು ನಾಚಿ ತಿರುಗುವಾಗ ಬಿದಿರಿಗೆ ತಲೆ ಬಡಿದುಕೊಂಡ. ಆ ಹೊತ್ತಿಗೆ ನಾನು ಕೈ ಇಟ್ಟಿರಲಿಲ್ಲ, ಬೇಕೆಂದೇ.

ಗಾಡಿ ಕೋರ್ಟಿನ ಮುಂದೆ ಹೋಗಲಿಲ್ಲ. ಗೋಡೆಯ ಬುಡದ ಫ್ಲೆಕ್ಸನ್ನು ಆಪಾ ಎತ್ತಿಕೊಂಡು ಬಂದು, ಚಿತ್ರ ಒಳಮುಖ ಮಾಡಿ ಗಾಡಿಯ ಮೇಲೆ ಬಿಸಿಲಿಗೆ ಮರೆಯಾಗಿ ಕಟ್ಟಿದಳು. ಯಾರು ಗೆದ್ದರೆಂದು ಕೇಳಬೇಡಿ, ಮೋರಿ ಇನ್ನೂ ಹಾಗೇ ಇದೆ. ನಾನು ಯಾರಿಗೆ ವೋಟು ಒತ್ತಿದೆನೆಂದು ಆಪಾಳಿಗೂ ಹೇಳಿಲ್ಲ. ಚಹಾದ ಹಬೆ, ಸ್ಟೋವಿನ ಮಸಿ ತಾಗಿ ಫ್ಲೆಕ್ಸಿನ ಮೇಲಿನ ಮುಖ ದಿನೇ ದಿನೇ ಕಪ್ಪಾಗುತ್ತಿದೆ. ಇನ್ನೊಂದು ಬೇಸಿಗೆ ಕಳೆದರೆ ನನ್ನ ಬಣ್ಣಕ್ಕೇ ಬರುತ್ತದೆ.