ಮಾಸ್ಟರ ಸೂಜಿಮೆತ್ತೆ

ಕಾಜಕ್ಕನಿಗೆ ಸಿಟ್ಟು ಬರದ ದಿನ ಯಾವುದು ಎಂದು ಅವಳ ಮಗಳನ್ನು ಕೇಳಿದರೆ, ಮಗಳು ಸ್ವಲ್ಪ ಹೊತ್ತು ಯೋಚಿಸಿ, "ಅಮ್ಮ ಜ್ವರ ಬಂದು ಮಲಗಿದ್ದಾಗ" ಎನ್ನುತ್ತಾಳೆ. ಆಗಲೂ ಸಿಟ್ಟಿತ್ತು, ತೋರಿಸಲು ತ್ರಾಣ ಇರಲಿಲ್ಲ ಅಷ್ಟೆ. ಆದರೆ ಈ ವರ್ಷ ಅವಳ ನೆತ್ತಿಗೇರಿ ಕೂತ ಸಿಟ್ಟು ಬೇರೆ ಬಗೆಯದು. ಅದು ಗಂಡನ ಮೇಲಿನದೋ, ಗಂಡನ ಸೂಜಿಮೆತ್ತೆಯ ಮೇಲಿನದೋ ಎಂದು ಬಿಡಿಸಿ ಹೇಳಲು ಅವಳಿಗೇ ಆಗುತ್ತಿರಲಿಲ್ಲ.

ಅಂಗಿಯಲ್ಲಿ ಗುಂಡಿ ತೂರುವ ಕಂಡಿ ಇದೆಯಲ್ಲ, ಅದಕ್ಕೆ ಹೊಲಿಗೆಯವರು ಕಾಜಾ ಎನ್ನುತ್ತಾರೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಮಾಡುತ್ತಿರುವುದು ಅದನ್ನೇ. ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಚುವುದು. ಬೀದಿಯವರು ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ದೊಡ್ಡ ಕಿಟಕಿ, ಕಿಟಕಿಗೆ ಮುಖ ಮಾಡಿ ಹೊಲಿಗೆ ಮೆಷಿನ್, ಅದರ ಮುಂದೆ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಅವಳ ಗಂಡನನ್ನು ಬಿಟ್ಟು ಬೇರೆ ಯಾರೂ ಕೂತವರಲ್ಲ. ಬೀದಿಗೆಲ್ಲ ಅವರು ಮಾಸ್ಟರು, ಮನೆಯಲ್ಲೂ ಮಾಸ್ಟರೇ. ಕಾಜಕ್ಕನ ಜಾಗ ನೆಲದ ಮೇಲೆ, ಗೋಡೆಗೆ ಒರಗಿ. ಅವಳು ಎದ್ದು ಓಡಾಡಿದರೆ ಸಾಕು, ಮೆಷಿನ್ನಿನ ಸದ್ದಿನ ನಡುವೆ ಒಂದು ಗದರಿಕೆ ಬರುತ್ತಿತ್ತು. "ಬೆಳಕಿಗೆ ಅಡ್ಡ ನಿಲ್ಲಬೇಡ ಕಣೆ!"

ಹೊಸದರಲ್ಲಿ ಅವಳೂ ಆಸೆಪಟ್ಟಿದ್ದಳು. ಒಂದು ಕಾಲರನ್ನಾದರೂ ಮೆಷಿನ್ನಿನಲ್ಲಿ ಹೊಲಿದು ತೋರಿಸುತ್ತೇನೆ ಎಂದು ಕೇಳಿದ್ದಳು. "ನಿಂದು ಕಾಜಾ ಕೈ. ಅದಕ್ಕೆ ಅದೇ ಸರಿ" ಎಂದು ಮಾಸ್ಟರು ನಕ್ಕು ತಳ್ಳಿಹಾಕಿದ್ದರು. ಆಮೇಲೆ ಕೇಳುವುದನ್ನು ಬಿಟ್ಟಳು. ಹೊಟ್ಟೆ ಉರಿಯುವುದೇನೂ ನಿಲ್ಲಲಿಲ್ಲ.

ಸಕ್ಕರೆ ಕಾಯಿಲೆ ಮಾಸ್ಟರಿಗೆ ಬಂದು ಬಹಳ ಕಾಲವಾಗಿತ್ತು. ಮಾತ್ರೆ ಸಾಲದಾದಾಗ ಡಾಕ್ಟರು ಇನ್ಸುಲಿನ್ ಬರೆದರು. ನೋಡಲು ಬರೆಯುವ ಪೆನ್ನಿನಂತೆಯೇ ಇರುವ ಒಂದು ಪೆನ್ನು, ಅದರ ತುದಿಗೆ ತಿರುಗಿಸಿ ಕೂರಿಸುವ ಪುಟ್ಟ ಪುಟ್ಟ ಸೂಜಿಗಳು. ಒಂದೊಂದು ಸೂಜಿಗೂ ಒಂದೊಂದು ಪ್ಲಾಸ್ಟಿಕ್ ಗೂಡು, ಗೂಡಿನ ಬಾಯಿಗೆ ಅಂಟಿಸಿದ ಕಾಗದದ ಮುಚ್ಚಳ. ಬೀದಿಯ ಕೊನೆಯ ಕ್ಲಿನಿಕ್ಕಿನ ನರ್ಸು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು. "ನೋಡಿ ಮಾಸ್ಟ್ರೇ, ಈ ಕಾಗದ ಹರಿಯೋ ತನಕ ಒಳಗೆ ಒಂದು ಕ್ರಿಮಿನೂ ಇರಲ್ಲ. ಚುಚ್ಕೊಳ್ಳೋ ಹೊತ್ತಿಗೇ ಹರೀಬೇಕು, ಮೊದಲೇ ಅಲ್ಲ. ಒಂದ್ಸಲ ಚುಚ್ಚಿದ ಮೇಲೆ ಆ ಸೂಜಿ ಮುಖ ನೋಡಬಾರದು, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕ್ಬಿಡಿ. ಬಚ್ಚಲಮನೇಲಿ ಇಡಬೇಡಿ, ಒಲೆ ಹತ್ರ ಇಡಬೇಡಿ, ತೇವ ಇಲ್ಲದ ಜಾಗದಲ್ಲಿ ಇಡಿ. ಆಯ್ತಾ?"

ಮಾಸ್ಟರು ಒಳ್ಳೆ ಹುಡುಗನ ಹಾಗೆ ತಲೆಯಾಡಿಸಿದರು. ಮನೆಯ ಬಾಗಿಲು ದಾಟಿದ್ದೇ ತಡ, ಶುರುವಾಯಿತು. "ಸೂಜಿ ವಿಷಯ ನನಗೆ ಹೇಳ್ಕೊಡೋಕೆ ಬಂದ್ಲು! ಒಂದೇ ಒಂದು ಸಲ ಚುಚ್ಚಿ ಸೂಜಿ ಬಿಸಾಡೋದಂತೆ. ಕಾಗದದಲ್ಲಿಟ್ಟ ಸೂಜಿ ತುಕ್ಕು ಹಿಡಿಯುತ್ತೆ ಅಂತ ಹೊಲಿಗೆ ಕಲಿಯೋ ಮಕ್ಕಳಿಗೂ ಗೊತ್ತು."

ಮೊದಮೊದಲು ಬರೀ ಬಾಯಿಮಾತು. ನರ್ಸು ಹೇಳಿದ ಹಾಗೇ ನಡೆದುಕೊಂಡರು. ಯಾವಾಗ ಬದಲಾಯಿತೋ ಕಾಜಕ್ಕನಿಗೆ ತಿಳಿಯಲಿಲ್ಲ. ಒಂದು ದಿನ ಅವಳು ತರಕಾರಿ ತಂದು ಒಳಗೆ ಕಾಲಿಟ್ಟಾಗ ಮಾಸ್ಟರು ಸ್ಟೂಲು ಬಿಟ್ಟು ನೆಲದ ಮೇಲೆ ಕೂತಿದ್ದರು. ಸುತ್ತ ಖಾಲಿ ಗೂಡುಗಳು, ಕತ್ತರಿಸಿದ ಕಾಗದದ ಚೂರುಗಳು, ಒಂದು ಕತ್ತರಿ, ಮೆಷಿನ್ ರಿಪೇರಿಯ ಇಕ್ಕಳ. ಹೊಸ ಪೆಟ್ಟಿಗೆಯ ಸೂಜಿಗಳನ್ನೆಲ್ಲ ಒಂದೇ ಏಟಿಗೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಸಾಲಾಗಿ ಸೂಜಿಮೆತ್ತೆಗೆ ಚುಚ್ಚಿಟ್ಟಿದ್ದರು. ಹೊಲಿಗೆಯ ಸೂಜಿಗಳ ಪಕ್ಕದಲ್ಲೇ!

ಆ ಮೆತ್ತೆಯ ಕಥೆ ಹೇಳಲೇಬೇಕು. ಅಂಗೈಯಗಲದ, ಒಂದು ಕಾಲಕ್ಕೆ ಕೆಂಪಾಗಿದ್ದ ಬಟ್ಟೆಯ ಉಂಡೆ ಅದು. ಸೂಜಿ ತುಕ್ಕು ಹಿಡಿಯಬಾರದೆಂದರೆ ಎಣ್ಣೆಗೂದಲು ತುಂಬಬೇಕೆಂದು, ಮದುವೆಯಾದ ಹೊಸದರಲ್ಲಿ ಮಾಸ್ಟರು ಹೆಂಡತಿಯ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ದಿನಾ ಕೇಳಿ ಇಸಿದುಕೊಂಡು ತುಂಬಿ ಹೊಲಿದದ್ದು. ಆಗ ಅವಳಿಗೆ ನಾಚಿಕೆಯೂ ಆಗಿತ್ತು, ಸಂತೋಷವೂ ಆಗಿತ್ತು. ಅಲ್ಲಿಂದೀಚೆಗೆ ಅದರ ಮೇಲೆ ಕೂತ ಸೀಮೆಸುಣ್ಣದ ಪುಡಿ, ಮೆಷಿನ್ ಎಣ್ಣೆ, ನೂಲಿನ ಧೂಳಿಗೆ ಲೆಕ್ಕವಿಲ್ಲ.

"ರೀ, ತಲೆ ನೆಟ್ಟಗಿದೆಯೇನ್ರೀ? ಹೊಟ್ಟೆಗೆ ಚುಚ್ಕೊಳ್ಳೋ ಸೂಜಿ ಅದು!"

"ಹೊಳೀತಾ ಇಲ್ವಾ? ಎಲ್ಲಿದೆ ಕೊಳೆ, ತೋರಿಸು."

"ಕಣ್ಣಿಗೆ ಕಾಣೋದಾಗಿದ್ರೆ ನರ್ಸು ಯಾಕೆ ಅಷ್ಟು ಹೇಳ್ತಿದ್ಲು?"

"ಸೂಜಿ ನಂದು, ಹೊಟ್ಟೆ ನಂದು. ನೀನು ಕಾಜಾ ನೋಡ್ಕೋ."

ಕಾಜಾ ನೋಡಿಕೊಳ್ಳಬೇಕಂತೆ! ಅವಳಿಗೆ ತರಕಾರಿ ಚೀಲ ಅಲ್ಲೇ ಎಸೆದು ಹೊರಟುಹೋಗಬೇಕೆನಿಸಿತು. ದಿನಾ ಬೆಳಿಗ್ಗೆ ಅವಳ ಕಣ್ಣೆದುರೇ ಮಾಸ್ಟರು ಪೆನ್ನನ್ನು ಮೆತ್ತೆಯ ಮೇಲೆ ಒತ್ತಿ, ಒಂದು ಸುತ್ತು ತಿರುಗಿಸಿ, ಸೂಜಿಯನ್ನು ಎತ್ತಿಕೊಳ್ಳುತ್ತಿದ್ದರು. ಚುಚ್ಚಿಕೊಂಡಾದ ಮೇಲೆ ಮತ್ತೆ ಮೆತ್ತೆಗೇ ಒತ್ತಿ, ಹಿಂದಕ್ಕೆ ತಿರುಗಿಸಿ, ಅಲ್ಲೇ ಬಿಡುತ್ತಿದ್ದರು. ಹೊಸದು ಯಾವುದು, ಹಳೆಯದು ಯಾವುದು, ದೇವರಿಗೇ ಗೊತ್ತು.

ಹೇಳಿ ಹೇಳಿ ಅವಳ ಬಾಯಿ ಒಣಗಿತು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಮಗಳು ಬಂದಾಗ ಸೂಜಿ ಇಡಲೆಂದು ಗಟ್ಟಿ ಮುಚ್ಚಳದ ಒಳ್ಳೆಯ ಡಬ್ಬಿ ತಂದುಕೊಟ್ಟಳು. ಮಾಸ್ಟರು ಅದಕ್ಕೆ ಕೋಟಿನ ಗುಂಡಿಗಳನ್ನು ತುಂಬಿ, "ಚೆನ್ನಾಗಿದೆ, ಇನ್ನೊಂದು ಸಿಕ್ಕಿದ್ರೆ ತಾ" ಎಂದರು. ಕಾಜಕ್ಕ ಮೆತ್ತೆಯನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟಳು. ಮಾಸ್ಟರು ಇಡೀ ಮನೆ ತಲೆಕೆಳಗೆ ಮಾಡಿ ಹುಡುಕಿ ತೆಗೆದರು. ಇದರ ಮೇಲೆ ಇನ್ನೊಂದು ಸೋಮಾರಿತನ ಬೇರೆ ಅಂಟಿಕೊಂಡಿತ್ತು ಅವರಿಗೆ. ಮೆಷಿನ್ನಿಗೆ ದಾರ ಪೋಣಿಸುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದ್ದರು. "ದಾರ ಹಾಕೇ, ನನಗೆ ಪುರುಸೊತ್ತಿಲ್ಲ" ಎಂದು ಕರೆದು, ಕಿಟಕಿಯ ಆಚೆ ನೋಡುತ್ತಾ ನಿಲ್ಲುತ್ತಿದ್ದರು. ಕೂರಲು ಸ್ಟೂಲು ಕೊಡುವುದಿಲ್ಲ, ದಾರಕ್ಕೆ ಮಾತ್ರ ನಾನು ಬೇಕು ಎಂದು ಅವಳು ಹಲ್ಲು ಕಡಿಯುತ್ತಲೇ ಪೋಣಿಸಿ ಕೊಡುತ್ತಿದ್ದಳು.

ಕೊನೆಗೆ ಆಗಬಾರದ್ದು ಆಯಿತು. ಮಾಸ್ಟರ ಹೊಕ್ಕುಳಿನ ಪಕ್ಕ ಗಡ್ಡೆಯಂತೆ ಬಾತು ಕೀವು ತುಂಬಿತು. ಕ್ಲಿನಿಕ್ಕಿನಲ್ಲಿ ಕೊಯ್ದು ತೆಗೆದರು. "ಸೂಜಿ ಸೀಲ್ ಮಾಡಿದ್ದೇ ತಾನೇ ಮಾಸ್ಟ್ರೇ? ಚುಚ್ಕೊಳ್ಳೋ ಹೊತ್ತಿಗೇ ಬಿಚ್ಚಿದ್ದು?" ಎಂದು ನರ್ಸು ಕೇಳಿದಳು. "ನೀವು ಹೇಳಿದ ಹಾಗೇ ಸಿಸ್ಟರ್" ಎಂದರು ಮಾಸ್ಟರು, ಮುಖದ ಒಂದು ಗೆರೆಯೂ ಅಲುಗದೆ. ಪಕ್ಕದಲ್ಲಿದ್ದ ಕಾಜಕ್ಕನ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ಪರರ ಎದುರು ಗಂಡನ ಮರ್ಯಾದೆ ಕಳೆಯುವುದು ಹೇಗೆ ಎಂದು ನುಂಗಿಕೊಂಡಳು. ನರ್ಸು ಅವಳ ಕಡೆ ತಿರುಗಿ, "ಅಕ್ಕ, ಇನ್ನೊಂದು ಸಲ ಹೀಗಾದ್ರೆ ಇಲ್ಲಿ ಆಗಲ್ಲ. ನಂಜು ರಕ್ತಕ್ಕೆ ಹತ್ತಿದ್ರೆ ಮನುಷ್ಯ ಉಳಿಯೋದು ಕಷ್ಟ" ಎಂದಳು. ಮಾಸ್ಟರು ಮನೆಗೆ ಬಂದು ಅದೇ ಮೆತ್ತೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವಳು ಇನ್ನೊಂದು ಉಪಾಯ ಮಾಡಿದಳು. ಹೊಲಿದು, ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಕವರಿನೊಳಗೆ ತೂಗುಹಾಕಿದ್ದ ಬಿಳಿ ಕೋಟೊಂದಿತ್ತು. ಗಿರಾಕಿ ಬರುವವರೆಗೆ ಆ ಕವರು ಮುಟ್ಟಿದವರಿಗೆ ಮಾಸ್ಟರಿಂದ ಉಳಿಗಾಲವಿಲ್ಲ. ಕಾಜಕ್ಕ ಕವರು ಕಿತ್ತು ಕೋಟನ್ನು ಮೆಷಿನ್ನಿನ ಮೇಲೆ ಹರಡಿದಳು. ಮಾಸ್ಟರು ಬಂದು ನೋಡಿ ಕೆಂಡಾಮಂಡಲವಾದರು.

"ಯಾರು ಕವರು ತೆಗೆದದ್ದು? ಧೂಳು ಕೂರುತ್ತೆ, ಕೈಗುರುತು ಬೀಳುತ್ತೆ, ಬುದ್ಧಿ ಬೇಡ್ವಾ?"

"ಹೊಳೀತಾ ಇಲ್ವಾ? ಎಲ್ಲಿದೆ ಕೊಳೆ, ತೋರಿಸಿ" ಎಂದಳು ಅವಳು.

ಮಾಸ್ಟರು ಕೋಟನ್ನೊಮ್ಮೆ, ಮೆತ್ತೆಯನ್ನೊಮ್ಮೆ ನೋಡಿದರು. ಗೆದ್ದೆ ಎಂದುಕೊಂಡಳು ಕಾಜಕ್ಕ. ಆದರೆ ಅವರು ಕೋಟಿಗೆ ಮತ್ತೆ ಕವರು ತೊಡಿಸುತ್ತಾ, "ಕೋಟು ಬೇರೆ, ಸೂಜಿ ಬೇರೆ" ಎಂದಷ್ಟೇ ಹೇಳಿದರು. ಅವಳು ಹಣೆ ಹಣೆ ಚಚ್ಚಿಕೊಂಡಳು.

ಒಂದು ಬೆಳಿಗ್ಗೆ ಮಾಸ್ಟರು ಅಂಗಿ ಎತ್ತಿದಾಗ ಹೊಟ್ಟೆಯ ಇನ್ನೊಂದು ಬದಿಯಲ್ಲಿ ಕೆಂಪು ಕಂಡಿತು. ಬೆರಳಿಟ್ಟು ನೋಡಿದಳು, ಬಿಸಿ. ಭಯವೋ ಸಿಟ್ಟೋ, ಮೆತ್ತೆಯನ್ನು ಕಿತ್ತು ಮೂಲೆಗೆಸೆದಳು. ಹೊಸ ಪೆಟ್ಟಿಗೆಯಿಂದ ಬಿಚ್ಚದ ಒಂದು ಸೂಜಿಯನ್ನು ತೆಗೆದು ಅವರ ಮುಂದೆ ಇಟ್ಟಳು. ಅವರಿಗೆ ಸಿಗದ ಹಾಗೆ ಕತ್ತರಿಯನ್ನು ಸೆರಗಿನಡಿ ಮುಚ್ಚಿ ಹಿಡಿದಳು.

"ಇದನ್ನ ಬಿಚ್ಚಿ. ಸಿಸ್ಟರ್ ತೋರಿಸಿದ ಹಾಗೆ, ಕೈಯಲ್ಲಿ. ಇವತ್ತು ಒಂದೇ ಒಂದು ಸಲ ನನ್ನ ಮಾತು ನಡೀಲಿ. ಇಲ್ದಿದ್ರೆ ನಾನು ಮಗಳ ಮನೆಗೆ ಹೋಗ್ತೀನಿ. ನಿಮ್ಮ ಸೂಜಿ, ನಿಮ್ಮ ಹೊಟ್ಟೆ, ನಿಮ್ಮ ಕಾಜಾ, ಎಲ್ಲ ನೀವೇ ನೋಡ್ಕೊಳ್ಳಿ."

"ಹೋಗು" ಎಂದರು ಮಾಸ್ಟರು. ಅವಳು ಅಲುಗಲಿಲ್ಲ. ಅವರೂ ಅಲುಗಲಿಲ್ಲ. ಕೊನೆಗೆ ಮಾಸ್ಟರು ಆ ಪುಟ್ಟ ಗೂಡನ್ನು ಎತ್ತಿಕೊಂಡರು.

ಅದು ಜಾರಿ ಬಿತ್ತು. ಮತ್ತೆ ಎತ್ತಿಕೊಂಡರು. ಕಾಗದದ ಕಿವಿಯನ್ನು ಹಿಡಿದೆಳೆಯಲು ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಹುಡುಕಾಡಿದವು. ಕಿವಿ ಸಿಗಲಿಲ್ಲ, ಬೆರಳುಗಳು ಬರಿದೇ ಉಜ್ಜಿಕೊಂಡವು. ನಾಟಕ ಮಾಡುತ್ತಿದ್ದಾರೆ ಎಂದುಕೊಂಡಳು ಕಾಜಕ್ಕ. ಮಾಸ್ಟರು ಗೂಡನ್ನು ಹಲ್ಲಿಗೆ ಕೊಟ್ಟು ಎಳೆದರು, ಕಾಗದ ಅರ್ಧ ಹರಿಯಿತು. ಉಳಿದದ್ದನ್ನು ಎಬ್ಬಿಸಲು ಬೆರಳಿನ ತುದಿಯನ್ನು ಗೂಡಿನೊಳಗೆ ಒತ್ತಿದರು. ಒತ್ತುತ್ತಲೇ ಇದ್ದರು.

ಪೆನ್ನಿನೊಳಕ್ಕೆ ಇಳಿಯುವ ಸೂಜಿಯ ಹಿಂಬದಿಯ ಮೊನೆ ಆ ಕಾಗದದ ಅಡಿಯಲ್ಲೇ ಇರುತ್ತದೆ. ಅದು ಅವರ ಬೆರಳಿಗೆ ನೆಟ್ಟಿತ್ತು. ಗೂಡಿನ ಅಂಚಿನಿಂದ ರಕ್ತ ಇಳಿದು ಅವರ ಬಿಳಿ ಪಂಚೆಯ ಮೇಲೆ ಬಿತ್ತು. ಮಾಸ್ಟರು ಇನ್ನೂ ಒತ್ತುತ್ತಿದ್ದರು. ಅವರ ಮುಖದಲ್ಲಿ ನೋವೇ ಇರಲಿಲ್ಲ.

"ರೀ..." ಎಂದಳು ಕಾಜಕ್ಕ. "ರೀ, ಚುಚ್ಚಿದೆ."

ಮಾಸ್ಟರು ಬಗ್ಗಿ ನೋಡಿದರು. ರಕ್ತ ಕಂಡ ಮೇಲೆಯೇ ಅವರಿಗೆ ಗೊತ್ತಾದದ್ದು.

ನೆಲದ ಮೇಲೆ ಕೂತು ಬಿಚ್ಚಿದ್ದು ಯಾಕೆ, ಇಕ್ಕಳ ಯಾಕೆ, ಪೆನ್ನನ್ನೇ ಮೆತ್ತೆಗೆ ಒತ್ತಿ ತಿರುಗಿಸಿದ್ದು ಯಾಕೆ, ಪುರುಸೊತ್ತಿಲ್ಲ ಎಂದು ದಾರ ಹಾಕಿಸಿಕೊಂಡು ಕಿಟಕಿಯ ಆಚೆ ನೋಡಿದ್ದು ಯಾಕೆ, ಎಲ್ಲ ಅವಳಿಗೆ ಒಟ್ಟಿಗೇ ಹೊಳೆಯಿತು. ಅವಳು ಹಟ ಎಂದು, ಸೋಮಾರಿತನ ಎಂದು ಬೈದದ್ದೆಲ್ಲ ಸತ್ತುಹೋದ ಬೆರಳುಗಳು.

"ಯಾವಾಗಿಂದ?"

"ಬಹಳ ದಿನ ಆಯ್ತು" ಎಂದರು ಮಾಸ್ಟರು. "ಮೊದಲು ಜುಮ್ ಅಂತಿತ್ತು. ಈಗ ಅದೂ ಇಲ್ಲ. ಬಟ್ಟೆ ಹಿಡಿದ್ರೆ ರೇಷ್ಮೆನೋ ಗೋಣಿನೋ ಗೊತ್ತಾಗಲ್ಲ."

"ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ನಾನೇನು ಬೀದಿಯವಳಾ? ತುಕ್ಕಂತೆ, ಕಾಗದವಂತೆ! ಸಾಯೋಕೆ ರೆಡಿ, ಹೇಳೋಕಿಲ್ಲ!"

"ಹೇಳಿದ್ರೆ?" ಎಂದರು ಅವರು ಮೆಲ್ಲಗೆ. "ಬೆರಳಿಲ್ಲದ ಟೈಲರ್ ಹತ್ರ ಯಾರೇ ಬಟ್ಟೆ ತರ್ತಾರೆ?"

ಅವಳು ಎದ್ದು ಸೋಪು ಹಚ್ಚಿ ಕೈ ತೊಳೆದು ಬಂದಳು. ಇನ್ನೊಂದು ಸೂಜಿ ತೆಗೆದು, ಕಾಗದ ಸುಲಿದು, ಪೆನ್ನಿಗೆ ತಿರುಗಿಸಿ, ಹೊರಗಿನ ಗೂಡನ್ನೂ ಸೂಜಿಯ ಮೇಲಿನ ಪುಟ್ಟ ಟೊಪ್ಪಿಗೆಯನ್ನೂ ಕಳಚಿ ಅವರ ಕೈಗಿತ್ತಳು. ಕಾಜಾ ಹೊಲಿದು ಹೊಲಿದು ಗಟ್ಟಿಯಾದ ಬೆರಳುಗಳಿಗೆ ಅದೊಂದು ಕೆಲಸವೇ ಆಗಿರಲಿಲ್ಲ. ಇಷ್ಟಕ್ಕೆ ಇಷ್ಟು ರಾದ್ಧಾಂತವೇ ಎಂದು ಮತ್ತೆ ಸಿಟ್ಟು ಉಕ್ಕಿತು.

ಆವತ್ತು ಕ್ಲಿನಿಕ್ಕಿನಲ್ಲಿ ಅವಳು ಗಂಡನ ಮರ್ಯಾದೆ ನೋಡಲಿಲ್ಲ. ಮೆತ್ತೆಯನ್ನೇ ಚೀಲದಿಂದ ತೆಗೆದು ನರ್ಸಿನ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ನರ್ಸು ಬೈದಳು, ಮಾಸ್ಟರ ಬೆರಳುಗಳನ್ನು ಹತ್ತಿಯಿಂದ ಸವರಿ ನೋಡಿದಳು, ಡಾಕ್ಟರ ಹತ್ತಿರ ಕರೆದೊಯ್ದಳು. ಬಾವು ಹೊಸದು, ಮಾತ್ರೆಗೆ ಇಳಿಯುತ್ತದೆ ಎಂದರು. ಬೆರಳಿನ ಬಗ್ಗೆ ಮಾತ್ರ ಡಾಕ್ಟರು, ಸಕ್ಕರೆ ಕಾಯಿಲೆಗೆ ನರ ಸತ್ತಿದೆ, ಉಳಿದದ್ದು ಕೆಡದ ಹಾಗೆ ನೋಡಿಕೊಳ್ಳೋಣ ಎಂದಷ್ಟೇ ಹೇಳಿದರು. "ಮೆತ್ತೆ ಏನು ಮಾಡ್ಲಿ ಅಕ್ಕ?" ಎಂದು ನರ್ಸು ಕೇಳಿದಾಗ, "ಸೂಜಿ ಜೊತೆ ಅದನ್ನೂ ಹಾಕ್ಬಿಡಿ" ಎಂದಳು ಕಾಜಕ್ಕ. ಅದರೊಳಗಿನ ಕೂದಲು ತನ್ನ ತಲೆ ಕಪ್ಪಗಿದ್ದ ಕಾಲದ್ದು ಎಂಬುದು ನೆನಪಾಯಿತು.

ಮನೆಗೆ ಬಂದರೆ, ತೋಳು ಕೂರಿಸಬೇಕಾದ ಬಿಳಿ ಅಂಗಿಯೊಂದು ಮೆಷಿನ್ನಿನ ಮೇಲೆ ಹಾಗೇ ಇತ್ತು. ಗಿರಾಕಿ ಸಂಜೆಗೆ ಬರುವವನಿದ್ದ. ಅವಳು ಅಭ್ಯಾಸಬಲದಿಂದ ಗೋಡೆಯ ಕಡೆ ಹೋಗಿ ನೆಲಕ್ಕೆ ಕೂರಲು ಬಗ್ಗಿದಳು. ಮಾಸ್ಟರು ಸ್ಟೂಲನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದರು.

"ಕೂತ್ಕೋ. ನಾನು ಹೇಳ್ತಾ ಹೋಗ್ತೀನಿ, ನೀನು ಹೊಲಿ."

ಈ ಸ್ಟೂಲಿಗಾಗಿ ಎಷ್ಟು ವರ್ಷ ಹೊಟ್ಟೆ ಉರಿಸಿಕೊಂಡಿದ್ದಳೋ ಅದು ಅವಳಿಗೆ ಮಾತ್ರ ಗೊತ್ತು. ಕೂತಳು. ದಾರ ಪೋಣಿಸಿದಳು. ತೋಳಿನ ಬಟ್ಟೆಯನ್ನು ಸೂಜಿಯ ಅಡಿಗೆ ತಂದಾಗ ಕಣ್ಣು ಮಂಜಾಗಿ ಹೊಲಿಗೆಯ ಗೆರೆಯೇ ಕಾಣಲಿಲ್ಲ. ಅದು ಮಾಸ್ಟರಿಗೆ ತಿಳಿಯಬಾರದೆಂದು ಗದರಿದಳು.

"ಬೆಳಕಿಗೆ ಅಡ್ಡ ನಿಲ್ಲಬೇಡಿ!"

ಮಾಸ್ಟರು ಒಂದು ಮಾತೂ ಆಡದೆ ಪಕ್ಕಕ್ಕೆ ಸರಿದರು. ತಿರುಗಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.