ಡೆಸ್‌ನ ಪಿಕಪ್ಪಿಗೆ ಹೊಸ ತಗಡು

ಲ್ಯಾನ್ಸ್ ಫಿಟ್ಸ್ನರನಂಥ ಟಿಂಕರಿಂಗ್ ಕೆಲಸಗಾರ ಸ್ಟ್ರೀಕಿ ಬೇಯಲ್ಲಿ ಇನ್ನೊಬ್ಬನಿಲ್ಲ ಎಂದು ಊರೇ ಹೇಳುತ್ತದೆ. ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಅವನ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ನಮ್ಮದು ಉಪ್ಪುಗಾಳಿಯ ಊರು, ಯಾವ ಗಾಡಿಯ ತಗಡೂ ಬಾಳುವುದಿಲ್ಲ. ಬೇರೆ ಗ್ಯಾರೇಜಿನವರು ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ಲ್ಯಾನ್ಸ್ ಹಾಗಲ್ಲ. ತುಕ್ಕನ್ನು ಬುಡಸಮೇತ ಕತ್ತರಿಸಿ, ಹೊಸ ತಗಡನ್ನು ಬಡಿದು ಬಾಗಿಸಿ ವೆಲ್ಡ್ ಮಾಡುತ್ತಾನೆ. ಅವನ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಪುಟ್ಟಿ ಇದ್ದ ಕಡೆ ಅದು ಅಂಟುವುದಿಲ್ಲವಲ್ಲ! ಪಬ್ಬಿನ ಮುಂದೆ ನಿಂತ ಗಾಡಿಗಳಿಗೆ ಅದನ್ನು ಹಚ್ಚಿ, ಜಾರಿ ಬಿದ್ದರೆ ಅವುಗಳ ಮಾಲೀಕರ ಮಾನ ಹರಾಜು ಹಾಕುವುದು ಅವನ ಚಟ.

ನನ್ನ ಗಂಡ ಡೆಸ್ ಮತ್ತು ಅವನು ಚಡ್ಡಿ ದೋಸ್ತರು. ಡೆಸ್ ಕಾಣೆಮೀನು ಹಿಡಿಯುವವನು. ಮೀನಿನ ಬುಟ್ಟಿಗಳಿಂದ ಉಪ್ಪುನೀರು ಸುರಿದು ಸುರಿದು ಅವನ ಹಳೇ ಪಿಕಪ್ಪಿನ ಹಿಂಭಾಗದ ನೆಲ, ಬಾಗಿಲ ಬುಡ ಎಲ್ಲ ಜರಡಿಯಾಗಿತ್ತು. ಹೊಟ್ಟೆಯ ಗಡ್ಡೆಗೆ ಇನ್ನು ಮದ್ದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ದಿನ ಡೆಸ್ ಗಾಡಿಯನ್ನು ನೇರ ಲ್ಯಾನ್ಸನ ಶೆಡ್ಡಿಗೆ ತಿರುಗಿಸಿದ.

"ನನ್ನ ಹೆಣ ಇದ್ರಲ್ಲೇ ಹೋಗ್ಬೇಕು ಕಣೋ. ಆ ಬಾಡಿಗೆ ಕರೀ ಕಾರಲ್ಲಿ ಮಲಗ್ಸಿದ್ರೆ ಎದ್ದು ಬಂದ್ಬಿಡ್ತೀನಿ ನೋಡು. ಪೆಟ್ಟಿಗೆ ರೋಡಿಗೆ ಬೀಳದ ಹಾಗೆ ನೆಲ ಒಂದು ಗಟ್ಟಿ ಮಾಡ್ಕೊಡು."

"ನೆಲ ಒಂದೇ ಯಾಕೋ? ಮದುವೆ ಗಂಡಿನ ಥರ ಮಾಡ್ಕೊಡ್ತೀನಿ."

ಇಬ್ಬರೂ ಬಿಯರ್ ಕುಡಿದು ನಕ್ಕರು. ನಾನು ಹೊರಗೆ ಹೋಗಿ ಅತ್ತೆ.

ಲ್ಯಾನ್ಸ್ ಗಾಡಿ ಬಿಚ್ಚಿದ. ಒಂದು ತಗಡು ಕತ್ತರಿಸಿದರೆ ಅದರ ಹಿಂದೆ ಇನ್ನೊಂದು ಹುಡಿಯಾಗಿ ಉದುರುತ್ತಿತ್ತು. ಅತ್ತ ಡೆಸ್ ಹಾಸಿಗೆ ಹಿಡಿದು, ಸೂಪನ್ನೂ ಬೇಡ ಎನ್ನತೊಡಗಿದ. "ಗಾಡಿ ಆಯ್ತಾ?" ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ತಡೆಯಲಾರದೆ ಶೆಡ್ಡಿಗೆ ಹೋದೆ.

"ಒಂದೆರಡು ಹಲಗೆ ಹಾಸು ಲ್ಯಾನ್ಸ್, ಮಿಕ್ಕಿದ್ದಕ್ಕೆ ಪುಟ್ಟಿ ಮೆತ್ತು. ಸ್ಮಶಾನ ಏನ್ ಮಹಾ ದೂರ? ಅವನಿಗೆ ಟೈಮಿಲ್ಲ ಮಾರಾಯ!"

"ನನ್ನ ದೋಸ್ತನ ಗಾಡಿಗೆ ಪುಟ್ಟಿನಾ? ಊರೆಲ್ಲ ನೋಡುತ್ತೆ ಗ್ಲೆನಿಸ್."

"ಮೆರವಣಿಗೆ ಯಾರ್ದಯ್ಯಾ, ಅವನ್ದಾ, ನಿಂದಾ?"

ಅವನು ವೆಲ್ಡಿಂಗಿನ ಮುಖವಾಡ ಕೆಳಗೆಳೆದುಕೊಂಡ.

ಡೆಸ್ ಸತ್ತ ದಿನ ಪಿಕಪ್ಪಿಗೆ ನೆಲವೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಅವನು ಕರೀ ಕಾರಲ್ಲೇ ಹೋದ. ಎದ್ದು ಬರಲಿಲ್ಲ. ಹೂಳುವಾಗ ಲ್ಯಾನ್ಸ್ ಎಲ್ಲರ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ಪಾಪ, ಆದಷ್ಟು ಮಾಡ್ದ," ಎಂದು ಜನ ಅವನ ಬೆನ್ನು ಸವರಿದರು. ಪಾಪವಂತೆ, ಪಾಪ!

ಚಳಿಗಾಲ ಕಳೆದ ಮೇಲೆ ಗಾಡಿ ತಂದ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಅಯಸ್ಕಾಂತವನ್ನು ನನ್ನ ಕೈಗಿಟ್ಟ.

"ಎಲ್ಲಾದ್ರೂ ಹಚ್ಚು ಗ್ಲೆನಿಸ್. ಒಂದು ಕಡೆನೂ ಬೀಳಲ್ಲ."

ಹಚ್ಚಿದೆ. ಎಲ್ಲ ಕಡೆಯೂ ಕಚ್ಚಿಕೊಂಡಿತು. ಹಿಂದಿನ ನೆಲ ಕನ್ನಡಿಯಂತಿತ್ತು, ಡೆಸ್ ಕಾಲು ಚಾಚಿ ಮಲಗುವಷ್ಟು ಉದ್ದಕ್ಕೂ ಖಾಲಿ.

"ಚೆನ್ನಾಗಿದೆ," ಎಂದೆ. "ನನಗ್ಯಾಕೆ ತೋರಿಸ್ತೀಯಾ? ಹೋಗಿ ಅವನಿಗೆ ತೋರ್ಸು."

ಬೀಗದ ಕೈಯನ್ನು ಗೇಟಿನ ಕಂಬದ ಮೇಲಿಟ್ಟು ನಡೆದೇ ಹೋದ.

ನಮ್ಮ ಮನೆಯ ಶೆಡ್ಡು ಖಾಲಿಯಿದ್ದರೂ ನಾನು ಗಾಡಿಯನ್ನು ಕಡಲಿಗೆ ಮುಖ ಮಾಡಿ ಬಯಲಲ್ಲೇ ನಿಲ್ಲಿಸಿದ್ದೇನೆ. ಲ್ಯಾನ್ಸ್ ದಿನಾ ಆ ದಾರಿಯಲ್ಲೇ ಹೋಗುತ್ತಾನೆ, ಒಂದು ಕ್ಷಣ ನಿಲ್ಲುತ್ತಾನೆ. ಮೊನ್ನೆ ಬಾಗಿಲ ಬುಡದಲ್ಲಿ ತುಕ್ಕಿಗೆ ಬಣ್ಣ ಗುಳ್ಳೆ ಎದ್ದಿತ್ತು. ಅವನೂ ನೋಡಿದ.